ವರ್ಷವೆಲ್ಲ ಆಷಾಢ

ಆಷಾಢ ಮಾಸದಲ್ಲಿ ಮದುವೆ ಮುಂಜಿಗಳು ಕೂಡದೆಂದು ನಮ್ಮ ಹಿರಿಯರು ಎಂದೋ ಗೆರೆ ಎಳೆದಿಟ್ಟರು. ಆ ಗೆರೆಯಿಂದ ನಿಂತುಹೋದ ವ್ಯಾಪಾರವನ್ನು ರಿಯಾಯಿತಿಯೆಂಬ ಉಪಾಯದಿಂದ ಮತ್ತೆ ಚಾಲನೆಗೆ ತಂದವನು ಜವಳಿ ಅಂಗಡಿಯವನು. ಅರಸೀಕೆರೆಯ ಮಗ್ಗುಲಿನ ಮಾಲೇಕಲ್ಲು ತಿರುಪತಿಯಲ್ಲಿ ವೆಂಕಟರಮಣಸ್ವಾಮಿಯ ತೇರು ಹರಿಯುವುದೂ ಇದೇ ಮಾಸದಲ್ಲಿಯಾದ್ದರಿಂದ, ಬೆಟ್ಟದ ಮೆಟ್ಟಿಲು ಹತ್ತಿ ದರ್ಶನ ಮುಗಿಸಿಕೊಂಡು ಪೇಟೆಗೆ ಇಳಿದ ಸಂಸಾರಗಳು, ಸೀರೆಯಂಗಡಿಯ ನೆತ್ತಿಯ ಮೇಲೆ ಆಷಾಢದ ಸೇಲೆಂದು ಬರೆದ ಫಲಕವನ್ನು ಕಂಡು ಒಳಗೆ ಅಡಿಯಿಡುವುದು ಸಹಜವೇ ಸರಿ. ಅಲ್ಲಿ ಹಾಸುಗಂಬಳಿಯ ಮೇಲೆ ಕುಳಿತ ಗೃಹಿಣಿ ಸೀರೆಯ ಸೆರಗನ್ನು ಬೆರಳಲ್ಲಿ ಹೊಸೆದು ನೋಡುತ್ತ ಕೇಳುವ ಪ್ರಶ್ನೆಯೊಂದಿದೆ: “ಇದೇನಣ್ಣ, ಹೋದ್ ತಿಂಗ್ಳೂ ಇದೇ ರೇಟು ಹೇಳಿದ್ರಲ್ಲ, ಡಿಸ್ಕೌಂಟು ಎಲ್ಲಿಂದ ಬಂತು?” ಅಂಗಡಿಯವನು ನಗುತ್ತಾನೆ, “ನಿಮ್ಗೋಸ್ಕರ ಇನ್ನೊಂದ್ ಐವತ್ತು ಬಿಡ್ತೀನಿ, ತಗೊಳ್ಳಿ ಅಮ್ಮ” ಎನ್ನುತ್ತಾನೆ. ಉತ್ತರ ಬರಲಿಲ್ಲ, ಆದರೆ ಐವತ್ತು ರೂಪಾಯಿ ಉಳಿಯಿತು.

ಈಗ ಅದೇ ಗೃಹಿಣಿಯ ಕೈಯಲ್ಲಿ ಮೊಬೈಲು ಇದೆ, ಮೊಬೈಲಿನೊಳಗೆ ವರ್ಷದ ಹನ್ನೆರಡು ತಿಂಗಳೂ ಆಷಾಢವೇ ಇದೆ. ಸಂಕ್ರಾಂತಿಗೊಂದು ಸೇಲು, ಸ್ವಾತಂತ್ರ್ಯದಿನಕ್ಕೊಂದು ಸೇಲು, ದಸರೆಗೊಂದು ಮಹಾ ಸೇಲು, ಇವುಗಳ ನಡುವೆ ಹೆಸರಿಡಲು ಹಬ್ಬ ಸಿಗದಿದ್ದರೆ ತಿಂಗಳ ಕೊನೆಯ ಸೇಲು. ಡಿಸ್ಕೌಂಟು ಎಲ್ಲಿಂದ ಬಂತೆಂಬ ಆ ಪ್ರಶ್ನೆಯನ್ನು ಕೇಳುವುದಕ್ಕೆ ಅಲ್ಲಿ ಅಣ್ಣನೊಬ್ಬನಿಲ್ಲವೆಂಬುದೇ ಮುಖ್ಯವಾದ ವ್ಯತ್ಯಾಸ.

ಮುಖ ಕಾಣದ ಅಂಗಡಿಯಿಂದ ಪದಾರ್ಥ ತರಿಸುವುದು ನಮಗೆ ಹೊಸತೇನೂ ಅಲ್ಲ. ಭಾರತದ ಅಂಚೆ ಇಲಾಖೆ, ಮಾಲು ತಲಪಿದಾಗ ಹಣ ತೆರುವ ವಿ.ಪಿ.ಪಿ. ಎಂಬ ವ್ಯವಸ್ಥೆಯನ್ನು ಪ್ರಾರಂಭಿಸಿದ್ದು 1877ರಲ್ಲಿ. ಬೆಂಗಳೂರು ಹುಬ್ಬಳ್ಳಿಗಳ ದಾರಿಯೂ ಹಾಸನದ ಮೇಲಿನಿಂದ ಬರುವ ಮೈಸೂರಿನ ದಾರಿಯೂ ಕೂಡುವ ಅರಸೀಕೆರೆಯಂಥ ಊರಿನ ಅಂಚೆಮನೆಯಲ್ಲಿ, ಪುಸ್ತಕವನ್ನೋ ಔಷಧಿಯನ್ನೋ ಹಣ ತೆತ್ತು ಬಿಡಿಸಿಕೊಂಡವರು ಎಷ್ಟೋ ಮಂದಿ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದಲೇ ತೊಡಗಿದ ಫ್ಲಿಪ್‌ಕಾರ್ಟ್, 2010ರಲ್ಲಿ ಮನೆಬಾಗಿಲಲ್ಲಿ ಹಣ ಪಡೆಯುವ ಪದ್ಧತಿಯನ್ನು ತಂದಾಗ, ಜನ ಅದನ್ನು ಕೂಡಲೆ ಒಪ್ಪಿಕೊಂಡುದಕ್ಕೆ ಈ ಹಳೆಯ ವಿ.ಪಿ.ಪಿ.ಯ ಪರಿಚಯವೂ ಒಂದು ಕಾರಣವಿದ್ದೀತೆಂದು ನನಗೆ ತೋರುತ್ತದೆ. 2016ರಲ್ಲಿ ಯುಪಿಐ ಬಂದು ಹಣ ಕೊಡುವುದು ಸುಲಭವಾಯಿತು. 2020ರಲ್ಲಿ ದೊಡ್ಡ ಆ್ಯಪುಗಳು ಕನ್ನಡದಲ್ಲಿಯೂ ಮಾತನಾಡತೊಡಗಿದವು. ಬಾಗಿಲು ಪೂರ್ತಿ ತೆರೆಯಿತು, ಹಾಗೆಯೇ ಕೈಯಿಂದ ಹಣ ಜಾರುವ ದಾರಿಯೂ ನುಣುಪಾಯಿತು.

ನನ್ನ ಎಣಿಕೆಯಲ್ಲಿ, ಆನ್‌ಲೈನ್ ಖರೀದಿಯಲ್ಲಿ ಹಣ ಉಳಿಸುವ ವಿದ್ಯೆಯನ್ನು ಈ ಅರಸೀಕೆರೆ ಸೀಮೆಯವರಿಗೆ ಹೊರಗಿನವರಾರೂ ಬಂದು ಬೋಧಿಸಬೇಕಾಗಿಲ್ಲ. ಕೊಬ್ಬರಿ ಮಾರುವಾಗ ತೋರುವ ಎಚ್ಚರವನ್ನು ಕೊಳ್ಳುವಾಗಲೂ ತೋರಿದರೆ ಸಾಕು. ಕಾಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳು ನೀರು ಇಂಗಿ ಗಿಟುಕು ಕರಟದೊಳಗೆ ಗಲಗಲ ಎನ್ನುವವರೆಗೆ ಕಾದು, ಸುಲಿಸಿ, ಒಡೆಸಿ, ಚೀಲಕ್ಕೆ ತುಂಬಿ ಮಂಡಿಗೆ ತರುವ ರೈತ, ಈ ಹೊತ್ತು ತಿಪಟೂರಿನಲ್ಲಿ ಏನು ಬೆಲೆ ನಡೆಯಿತು, ಅರಸೀಕೆರೆಯಲ್ಲಿ ಏನು ನಡೆಯಿತು ಎಂಬುದನ್ನು ವಿಚಾರಿಸದೆ ಚೀಲದ ಬಾಯಿ ಬಿಚ್ಚುವವನಲ್ಲ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಎಂಬುದು ಆಗ ಅವನ ನಾಲಗೆಯ ತುದಿಯಲ್ಲಿತ್ತು. 2014ರಲ್ಲಿ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಗಣಕಜಾಲಕ್ಕೆ ಜೋಡಿಸುವ ಏಕೀಕೃತ ವ್ಯವಸ್ಥೆ ಬಂದಂದಿನಿಂದ ಮಂಡಿಯ ಟೆಂಡರು ಕೂಡ ಆನ್‌ಲೈನಿನಲ್ಲಿಯೇ ನಡೆಯತಕ್ಕದ್ದು: ರಾಶಿಗೊಂದು ಲಾಟ್ ನಂಬರು, ಅದರ ಮೇಲೆ ವರ್ತಕರು ನಮೂದಿಸುವ ಬೆಲೆ, ಕೊನೆಗೆ ಅತಿ ಹೆಚ್ಚಿನದರ ಘೋಷಣೆ, ಬೆಲೆ ಹಿಡಿಸದಿದ್ದರೆ ಮಾಲು ಕೊಡೆನೆನ್ನುವ ಹಕ್ಕು ರೈತನದು.

ಅದೇ ರೈತ ರಾತ್ರಿ ಊಟ ಮುಗಿಸಿ ಮೊಬೈಲು ಹಿಡಿದಾಗ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮಂಡಿಯಲ್ಲಿ ಕೊಳ್ಳುವವರು ಅನೇಕರು, ಅವನ ಮಾಲು ಒಂದು. ಇಲ್ಲಿ ಮಾರುವವರು ಅನೇಕರು, ಅವನ ಗಮನ ಒಂದು, ಅದಕ್ಕಾಗಿಯೇ ಹೋರಾಟ. ಅವನು ಏನನ್ನು ಹುಡುಕಿದ, ಎಷ್ಟು ಹೊತ್ತು ನೋಡಿದ, ಯಾವುದನ್ನು ಬುಟ್ಟಿಗೆ ಹಾಕಿ ಬಿಟ್ಟ ಎಂಬುದೆಲ್ಲ ಆ್ಯಪಿಗೆ ತಿಳಿದಿರುತ್ತದೆ. ಮಾರುವವನ ಖರೀದಿ ಬೆಲೆ ಎಷ್ಟು ಎಂಬುದು ಮಾತ್ರ ಇವನಿಗೆ ತಿಳಿದಿರುವುದಿಲ್ಲ. ಚೌಕಾಸಿಗೆ ಎಡೆಯಿಲ್ಲದ ಈ ಸ್ಥಳದಲ್ಲಿ ಅದರ ಬದಲಿಗೆ ಉಳಿದಿರುವ ಆಯುಧಗಳು ಎರಡೇ, ಹೋಲಿಸುವುದು ಮತ್ತು ಕಾಯುವುದು.

ಹೋಲಿಕೆಗೆ ಮೊದಲ ತೊಡಕು ಗೆರೆ ಹೊಡೆದ ಬೆಲೆ. 2,999 ಎಂದು ಬರೆದು, ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ 799 ಎಂದು ದಪ್ಪಕ್ಷರದಲ್ಲಿ ತೋರಿಸಿದರೆ 2,200 ಉಳಿಯಿತೆಂದು ಮನಸ್ಸು ಹಿಗ್ಗುತ್ತದೆ. ಗೆರೆ ಹೊಡೆದ ಆ ಎಂ.ಆರ್.ಪಿ. ಎಂಬುದು ಎಲ್ಲ ತೆರಿಗೆಗಳೂ ಸೇರಿದಂತೆ ಮೀರಬಾರದ ಗರಿಷ್ಠ ಮಿತಿಯೇ ಹೊರತು ಪದಾರ್ಥದ ಯೋಗ್ಯತೆಯ ಪ್ರಮಾಣಪತ್ರವಲ್ಲ. ಬಹುಪಾಲು ಸರಕುಗಳಲ್ಲಿ ಅದನ್ನು ನಿರ್ಧರಿಸಿ ಮುದ್ರಿಸುವವನು ತಯಾರಕನೇ. ಆದುದರಿಂದ ಎಷ್ಟು ಇಳಿಯಿತೆಂಬುದು ವ್ಯರ್ಥವಾದ ಪ್ರಶ್ನೆ. ಅದೇ ಮಾದರಿಯ ಅದೇ ಪದಾರ್ಥವನ್ನು ಬೇರೆ ಆ್ಯಪಿನಲ್ಲಿ, ತಯಾರಕರ ಸ್ವಂತ ತಾಣದಲ್ಲಿ, ಅರಸೀಕೆರೆಯ ಅಥವಾ ಹಾಸನದ ಅಂಗಡಿಯಲ್ಲಿ ಎಷ್ಟಕ್ಕೆ ಕೊಡುತ್ತಿದ್ದಾರೆ ಎಂಬುದೇ ಕೇಳತಕ್ಕ ಪ್ರಶ್ನೆ. ಕಳೆದ ತಿಂಗಳುಗಳಲ್ಲಿ ಬೆಲೆ ಹೇಗೆ ಏರಿಳಿಯಿತೆಂಬ ರೇಖಾಚಿತ್ರವನ್ನು ಬಿಟ್ಟಿಯಾಗಿ ತೋರಿಸುವ ತಾಣಗಳೂ ಇವೆ. ಸೇಲಿಗೆ ಹದಿನೈದು ದಿನ ಮುಂಚೆ ಬೆಲೆ ಏರಿಸಿ ಸೇಲಿನ ದಿನ ಇಳಿಸಿದ್ದರೆ ಅದು ಅಲ್ಲಿ ಬಯಲಾಗುತ್ತದೆ. ಇನ್ನು ಹೋಲಿಸಬೇಕಾದುದು ಮೊದಲ ಪುಟದ ಬೆಲೆಯನ್ನಲ್ಲ, ತಲಪಿಸುವ ಖರ್ಚು, ಆ್ಯಪಿನ ಶುಲ್ಕ, ಮನೆಬಾಗಿಲಲ್ಲಿ ನಗದು ಕೊಡುವುದಕ್ಕೆ ವಿಧಿಸುವ ಹಣ ಇವೆಲ್ಲ ಕೂಡಿ ಕೊನೆಯ ಪುಟದಲ್ಲಿ ನಿಲ್ಲುವ ಮೊತ್ತವನ್ನು.

ಟಾರ್ಪಾಲನ್ನು ತೆಗೆದುಕೊಳ್ಳೋಣ, ರಾಗಿ ಒಣಹಾಕುವುದಕ್ಕೆ, ಹುಲ್ಲಿನ ಮೆದೆ ಮುಚ್ಚುವುದಕ್ಕೆ ಪ್ರತಿ ಮನೆಗೂ ಬೇಕಾದ ವಸ್ತು. ಒಂದು ಕಡೆ 15 ಅಡಿಗೆ 12 ಅಡಿಯದು 900 ರೂಪಾಯಿಗೂ, ಇನ್ನೊಂದು ಕಡೆ 12 ಅಡಿಗೆ 9 ಅಡಿಯದು 648 ರೂಪಾಯಿಗೂ ಇದೆಯೆಂದು ಇಟ್ಟುಕೊಳ್ಳಿ. ಎರಡನೆಯದು ಅಗ್ಗವೆಂದು ಕಣ್ಣು ಹೇಳುತ್ತದೆ. ಮೊದಲನೆಯದು 180 ಚದರಡಿ, ಅಡಿಗೆ 5 ರೂಪಾಯಿ ಬಿತ್ತು; ಎರಡನೆಯದು 108 ಚದರಡಿ, ಅಡಿಗೆ 6 ರೂಪಾಯಿ. ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ, ಏಕೆಂದರೆ ಟಾರ್ಪಾಲಿನ ಬಾಳಿಕೆ ಇರುವುದು ಅದರ ದಪ್ಪದಲ್ಲಿ, ಅದನ್ನು ಜಿ.ಎಸ್.ಎಂ. ಎಂದು, ಅಂದರೆ ಒಂದು ಚದರ ಮೀಟರಿನ ತೂಕ ಇಷ್ಟು ಗ್ರಾಂ ಎಂದು, ಬರೆದಿರುತ್ತಾರೆ. 150 ಜಿ.ಎಸ್.ಎಂ. ಎಂದು ಬರೆದ 180 ಚದರಡಿಯ ಟಾರ್ಪಾಲು ಸುಮಾರು 16.7 ಚದರ ಮೀಟರು ಆಗುವುದರಿಂದ, ಮಡಿಸಿ ತಕ್ಕಡಿಗೆ ಇಟ್ಟರೆ ಎರಡೂವರೆ ಕಿಲೋದ ಹತ್ತಿರ ತೂಗಬೇಕು. ಒಂದೂವರೆ ಕಿಲೋ ಮಾತ್ರ ತೂಗಿದರೆ ಅದು 90 ಜಿ.ಎಸ್.ಎಂ.ನ ತೆಳುಹಾಳೆ; ಎರಡು ಮಳೆಗಾಲ ತಾಳುವುದೂ ಸಂದೇಹವೇ. ಅಂಚು ಮಡಿಸಿ ಹೊಲಿಯುವುದರಿಂದ ಅಳತೆಯಲ್ಲಿ ಸ್ವಲ್ಪ ಕಡಿಮೆಯಾಗುವುದುಂಟು, ಅದನ್ನು ಕ್ಷಮಿಸಬಹುದು, ಕಿಲೋಗಟ್ಟಲೆ ಕಡಿಮೆಯಾಗುವುದನ್ನಲ್ಲ. ಕೊಬ್ಬರಿ ತೂಗುವ ಮನೆಯಲ್ಲಿ ತಕ್ಕಡಿಗೆ ಬರವಿಲ್ಲವಷ್ಟೆ. ಈ ಬಗೆಯ ಏಕಮಾನದ ಲೆಕ್ಕ ಬಟ್ಟೆ ಒಗೆಯುವ ಪುಡಿಗೂ, ಅಡುಗೆ ಎಣ್ಣೆಗೂ, ಮಗುವಿನ ಡೈಪರಿಗೂ ಸಲ್ಲುತ್ತದೆ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂಬ ನಂಬಿಕೆ ಹಲವು ಬಾರಿ ಸುಳ್ಳಾಗುವುದು ಇಲ್ಲಿಯೇ.

ಕಾಯುವುದು ಇದಕ್ಕಿಂತ ಕಷ್ಟ, ಏಕೆಂದರೆ ಕಾಯಗೊಡದಿರುವುದೇ ಆ್ಯಪಿನ ವಿನ್ಯಾಸದ ಉದ್ದೇಶ. “ಇನ್ನು ಎರಡೇ ಉಳಿದಿವೆ” ಎಂಬ ಕೆಂಪಕ್ಷರ, ಹಿಂದು ಹಿಂದಕ್ಕೆ ಓಡುವ ಗಡಿಯಾರ, ನೀವು ಕೇಳದೆಯೇ ಬುಟ್ಟಿಯಲ್ಲಿ ಬಂದು ಕುಳಿತ ವಿಮೆ, ಬೇಡವೆನ್ನುವವರಿಗೆ ನಾಚಿಕೆ ಹುಟ್ಟಿಸುವಂತೆ ಬರೆದ ಗುಂಡಿ, ಸೇರುವಾಗ ಒಂದೇ ಒತ್ತು ಸಾಕಾಗಿ ಬಿಡುವಾಗ ದಾರಿಯೇ ಕಾಣದ ಚಂದಾ, ಇವೆಲ್ಲ ಆಕಸ್ಮಿಕವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ನಿಷೇಧವಾದೊಡನೆ ಅವು ಮಾಯವಾದವೆಂದು ತಿಳಿಯುವಷ್ಟು ಮುಗ್ಧರು ನಮ್ಮಲ್ಲಿ ಯಾರೂ ಇರಲಾರರು. ಬೇಕೆನಿಸಿದ ವಸ್ತುವನ್ನು ಬುಟ್ಟಿಗೆ ಹಾಕಿ ಎರಡು ರಾತ್ರಿ ಮಲಗಿ ಎದ್ದರೆ, ಅರ್ಧಕ್ಕರ್ಧ ಬಯಕೆಗಳು ತಾವಾಗಿಯೇ ಕರಗಿಹೋಗುತ್ತವೆ. ಉಳಿದವಕ್ಕೆ ಕೆಲವು ವೇಳೆ ಆ್ಯಪೇ ಕೂಪನ್ನು ಹಿಡಿದುಕೊಂಡು ಹಿಂದೆ ಬರುತ್ತದೆ.

ಕಾಯಲಾರದವರ ಮುಂದೆ ಆ್ಯಪು ಒಡ್ಡುವ ಇನ್ನೊಂದು ಆಮಿಷ ಬಡ್ಡಿಯಿಲ್ಲದ ಕಂತು. ಅದರ ವಿಷಯದಲ್ಲಿ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ, ಶೂನ್ಯ ಬಡ್ಡಿಯೆಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಎಲ್ಲೋ ಇರುತ್ತದೆ: ನಗದು ಕೊಟ್ಟವನಿಗೆ ಸಿಕ್ಕಬಹುದಾಗಿದ್ದ ಸೋಡಿಯಲ್ಲಿ, ಸಂಸ್ಕರಣಾ ಶುಲ್ಕದಲ್ಲಿ, ಕ್ರೆಡಿಟ್ ಕಾರ್ಡಿನವರಿಗಾದರೆ ಬಡ್ಡಿಯ ಮೇಲೆ ಬೀಳುವ ಶೇಕಡ 18ರ ಜಿ.ಎಸ್.ಟಿ.ಯಲ್ಲಿ.

ಅಗ್ಗವೆಂದು ಕೊಂಡದ್ದು ಅಪಾಯವನ್ನೂ ತರಬಹುದು. ಪ್ರೆಷರ್ ಕುಕ್ಕರಿಗೆ ಐ.ಎಸ್.ಐ. ಗುರುತು ಕಡ್ಡಾಯವಾದದ್ದು 2021ರ ಫೆಬ್ರವರಿ 1ರಿಂದ. ಆ ಗುರುತಿಲ್ಲದ ಕುಕ್ಕರುಗಳನ್ನು ತಮ್ಮ ತಾಣದಲ್ಲಿ ಮಾರಲು ಬಿಟ್ಟುದಕ್ಕಾಗಿ 2022ರ ಆಗಸ್ಟಿನಲ್ಲಿ ಅದೇ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಮೆಜಾನಿಗೂ ಫ್ಲಿಪ್‌ಕಾರ್ಟಿಗೂ ತಲಾ ಒಂದು ಲಕ್ಷ ರೂಪಾಯಿ ದಂಡ ವಿಧಿಸಿ, ಕ್ರಮವಾಗಿ 2,265 ಮತ್ತು 598 ಕುಕ್ಕರುಗಳನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ಆಜ್ಞಾಪಿಸಿತು. ಹೆಸರಾಂತ ತಾಣವೆಂಬುದು ಪದಾರ್ಥಕ್ಕೆ ಖಾತರಿಯಲ್ಲ. ಮಾರುವವನು ಅಲ್ಲಿ ಬಾಡಿಗೆಗಿರುವ ಇನ್ನೊಬ್ಬ. ಗುರುತಿನ ಕೆಳಗಿನ ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಹಾಕಿ ಪರೀಕ್ಷಿಸುವುದು ಒಂದು ನಿಮಿಷದ ಕೆಲಸ. ಕೊಂಡವರು ಕೊಡುವ ನಕ್ಷತ್ರಗಳ ವಿಚಾರದಲ್ಲಿ ಐದನ್ನೂ ಒಂದನ್ನೂ ಬದಿಗಿಟ್ಟು ಮೂರು ನಕ್ಷತ್ರ ಕೊಟ್ಟವರ ಮಾತನ್ನು ಓದುವುದು ಲೇಸು. ವಸ್ತುವನ್ನು ಬಳಸಿ ನೋಡಿದವರು ಬಹುಮಟ್ಟಿಗೆ ಅಲ್ಲಿರುತ್ತಾರೆ.

ಪೆಟ್ಟಿಗೆ ಬಂದಾಗ ಅದನ್ನು ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವೀಡಿಯೊ ಮಾಡಿಕೊಳ್ಳುವುದು, ವಿಳಾಸದ ಚೀಟಿಯೂ ಅದರಲ್ಲಿ ಕಾಣುವಂತೆ ನೋಡಿಕೊಳ್ಳುವುದು, ಆಮೇಲಿನ ತಕರಾರಿಗೆ ಬಲವಾದ ಸಾಕ್ಷಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ತಾಣದ ಕುಂದುಕೊರತೆ ಅಧಿಕಾರಿಯು ದೂರು ಬಂದ 48 ಗಂಟೆಗಳೊಳಗೆ ಅದು ತಲಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. ಆಗದಿದ್ದರೆ 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಒಂದು ದೊಡ್ಡ ಉಪಕಾರವೆಂದರೆ, ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ಕೊಂಡವನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬೇಲೂರು ಹಳೇಬೀಡುಗಳವರಾಗಲಿ ಅರಸೀಕೆರೆಯವರಾಗಲಿ ಹಾಸನಕ್ಕೆ ಹೋದರೆ ಸಾಕು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ವಕೀಲರನ್ನು ಇಡಲೇಬೇಕೆಂಬ ನಿರ್ಬಂಧವೂ ಇಲ್ಲ.

ಶುದ್ಧ ಮೋಸದ ವಿಷಯ ಬೇರೆ. ಹಣ ವಾಪಸು ಮಾಡುತ್ತೇವೆ, ಯುಪಿಐ ಪಿನ್ ಒತ್ತಿ ಎಂದು ಯಾರಾದರೂ ಕರೆ ಮಾಡಿದರೆ ಅವನು ಕಳ್ಳನೇ, ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಹಣ ಹೋಗಿಯೇಬಿಟ್ಟರೆ ನೆರೆಯವರ ಮುಂದೆ ಹೇಳಿಕೊಳ್ಳಲು ಸಂಕೋಚಪಡುತ್ತ ಕೂಡದೆ ಕೂಡಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಮ್ಮ ಬ್ಯಾಂಕಿಗೂ ತಿಳಿಸಬೇಕು. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಂಭವವುಂಟು.

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ಪದಾರ್ಥಗಳನ್ನು ಮೊಬೈಲಿನಲ್ಲಿ ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ. ಪುಸ್ತಕ, ಮೊಬೈಲಿನ ಚಾರ್ಜರು, ಊರಿನಲ್ಲಿ ಸಿಗದ ಬಿಡಿಭಾಗ ಇವಕ್ಕೆ ಆನ್‌ಲೈನು ಮೇಲು. ಆದರೆ ಕೊಳವೆಬಾವಿಯ ಮೋಟಾರಿನಂಥದು, ಬೇಸಗೆಯ ನಡುವೆ ಸುಟ್ಟು ತೋಟ ಒಣಗುವ ಹೊತ್ತಿನಲ್ಲಿ ರಿಪೇರಿಗೆ ಜನ ಬೇಕಾಗುವಂಥದು, ಇನ್ನೂರು ರೂಪಾಯಿ ಹೆಚ್ಚಾದರೂ ಪರಿಚಯದ ಅಂಗಡಿಯದೇ ಇರಲಿ. ಹಾಗೆಂದು ಆ ಇನ್ನೂರನ್ನು ಮಾತಿಲ್ಲದೆ ಬಿಟ್ಟುಕೊಡಬೇಕಾಗಿಲ್ಲ. ಅಂಗಡಿಯ ಕಟ್ಟೆಗೆ ಒರಗಿ ಮೊಬೈಲಿನ ಪರದೆ ತೋರಿಸಿ, “ಇದ್ರಲ್ಲಿ ಇಷ್ಟೈತೆ ನೋಡಣ್ಣ” ಎನ್ನುವ ಹುಡುಗರನ್ನು ಈಗ ಎಲ್ಲ ಪೇಟೆಗಳಲ್ಲಿಯೂ ಕಾಣಬಹುದು. “ಅವ್ರು ನಿಮ್ ತೋಟಕ್ಕೆ ಬಂದು ಇಳಿಸ್ಕೊಡ್ತಾರೇನಪ್ಪ?” ಎನ್ನುತ್ತಾನೆ ಅಂಗಡಿಯವನು. ಅಲ್ಲಿಂದ ಮುಂದೆ ಹಳೆಯ ಚೌಕಾಸಿ ಸಾಗುತ್ತದೆ: ನೂರು ಇವನು ಏರುತ್ತಾನೆ, ನೂರು ಅವನು ಇಳಿಯುತ್ತಾನೆ, ಮೋಟಾರು ಇಳಿಸುವ ಕೂಲಿ ಅಂಗಡಿಯ ಲೆಕ್ಕಕ್ಕೆ, ವೈರಿನ ದುಡ್ಡು ಇವನದು, ಬಿಲ್ಲು ಮಾತ್ರ ಜಿ.ಎಸ್.ಟಿ. ಸಹಿತ ಬೇಕೇಬೇಕು.