ಜರ್ಮನಿಗೆ ಅರ್ಜಿ ಹಾಕೋ ಮುಂಚೆ

ಜರ್ಮನಿಯಲ್ಲಿ ಎಂಎಸ್ ಮಾಡ್ಬೇಕು ಅಂತ ಆಸೆ ಇದ್ಯಾ? ಯೂನಿವರ್ಸಿಟಿ ಹುಡುಕೋ ಮುಂಚೆ ನಿಮ್ಮ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್ಲಾ? ನಮ್ಮ ಕಡೆ ಇದು ಮನೆಮನೆ ಕಥೆ. ಈಗಲೇ ಸರಿ ಮಾಡಿಸ್ಕೊಳ್ಳಿ.

ಯಾಕಂದ್ರೆ 2022ರ ನವೆಂಬರ್‌ನಿಂದ ಭಾರತದ ಬಹುತೇಕ ವಿದ್ಯಾರ್ಥಿಗಳ ವೀಸಾಗೆ ಎಪಿಎಸ್ ಸರ್ಟಿಫಿಕೇಟ್ ಬೇಕೇ ಬೇಕು. ನಿಮ್ಮ ಓದಿನ ದಾಖಲೆಗಳು ಅಸಲಿ ಅಂತ ಹೇಳೋ ಪತ್ರ ಅದು. ಫೀಸು 18,000 ರೂಪಾಯಿ. ಕೈಗೆ ಬರೋಕೆ ವಾರಗಟ್ಟಲೆ ಕಾಯ್ಬೇಕು. ಚಳಿಗಾಲದ ಸೆಮಿಸ್ಟರ್‌ಗೆ ಎಷ್ಟೋ ಕಡೆ ಜುಲೈ 15 ಕೊನೇ ದಿನ; ಅದಕ್ಕೂ ಮುಂಚೆ ಬಾಗಿಲು ಹಾಕೋ ಕೋರ್ಸುಗಳೂ ಇವೆ.

ಇನ್ನು, ‘ಅಲ್ಲಿ ಓದು ಫ್ರೀ’ ಅನ್ನೋ ಮಾತು. ಬಹಳಷ್ಟು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸಿಲ್ಲ, ನಿಜ. ಆದ್ರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಬಾಡಿಗೆಗೆ, ಊಟಕ್ಕೆ ದುಡ್ಡಿದೆ ಅಂತ ತೋರಿಸೋಕೆ ಹೆಚ್ಚಿನವರು ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟಲ್ಲಿ ಇಡ್ತಾರೆ. ಅದರಲ್ಲಿ ತಿಂಗಳಿಗೆ ಕೈಗೆ ಸಿಗೋದು 992 ಯೂರೋ ಮಾತ್ರ.

ಇಷ್ಟು ದುಡ್ಡಿಗೆ ಲೋನ್ ತಗೊಂಡ್ರೆ ಅದಕ್ಕೆ ಸಹಿ ಹಾಕೋರು ಅಪ್ಪ-ಅಮ್ಮ. ಅರ್ಜಿ ಹಾಕೋ ಮುಂಚೆ ಅವರ ಜೊತೆ ಕೂತು ಈ ಲೆಕ್ಕ ಮಾಡಿ.