12 ವೋಲ್ಟ್ ಸಂಕೇತ, 3.3 ವೋಲ್ಟ್ ಚಿಪ್: ನಡುವೆ ಏನಿರಬೇಕು?

ಕಾರಿನ ಕೀಲಿಯನ್ನು ತಿರುಗಿಸಲಾಗಿದೆಯೇ ಇಲ್ಲವೇ ಎಂಬುದನ್ನು ಅರಿಯಬೇಕಾದ ಉಪಕರಣಗಳು ಇಂದು ಹಲವಾರು. ವಾಹನ ಎಲ್ಲಿದೆಯೆಂದು ತಿಳಿಸುವ ಜಿಪಿಎಸ್ ಪೆಟ್ಟಿಗೆ ಅವುಗಳಲ್ಲೊಂದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಇಂಥದ್ದನ್ನು ಆರಿಸಿಕೊಳ್ಳುವುದುಂಟು. ಕೀಲಿಯ ತಂತಿಯಲ್ಲಿ ಬರುವುದು 12 ವೋಲ್ಟ್. ಇಎಸ್‌ಪಿ32ರಂತಹ ಮೈಕ್ರೊಕಂಟ್ರೋಲರ್‌ನ ಪಿನ್ ಸಹಿಸುವುದು 3.3 ವೋಲ್ಟ್. ಇವೆರಡನ್ನೂ ನೇರವಾಗಿ ಜೋಡಿಸಿದರೆ ಪಿನ್ ಮೂಲಕ ಮಿತಿಮೀರಿದ ವಿದ್ಯುತ್ ಹರಿದು ಚಿಪ್ ಕೆಡುತ್ತದೆ.

ಪಠ್ಯಪುಸ್ತಕದ ಪರಿಹಾರ ಎರಡು ರೆಸಿಸ್ಟರ್‌ಗಳು. ತಂತಿಯಿಂದ ಪಿನ್‌ಗೆ 10 ಕಿಲೊಓಮ್, ಪಿನ್‌ನಿಂದ ಗ್ರೌಂಡ್‌ಗೆ 3.3 ಕಿಲೊಓಮ್. ವೋಲ್ಟೇಜ್ ಇವೆರಡರ ನಡುವೆ ಅವುಗಳ ಪ್ರಮಾಣಕ್ಕನುಗುಣವಾಗಿ ಹಂಚಿಹೋಗಿ, 12 ವೋಲ್ಟ್‌ನಲ್ಲಿ ಪಿನ್‌ಗೆ ಸಿಗುವುದು ಸುಮಾರು 2.98 ವೋಲ್ಟ್. ಕಾಗದದ ಮೇಲೆ ಎಲ್ಲವೂ ಸರಿ.

ಆದರೆ ಕಾರಿನ 12 ವೋಲ್ಟ್ ಎಂಬುದು ಹೆಸರಿಗಷ್ಟೇ. ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗಲೇ 12.6 ವೋಲ್ಟ್ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಓಡತೊಡಗಿ ಆಲ್ಟರ್ನೇಟರ್ ಚಾರ್ಜ್ ಮಾಡುವಾಗ ಅದು 14.4 ವೋಲ್ಟ್‌ವರೆಗೂ ಏರುವುದು ಸಾಮಾನ್ಯ. ಆಗ ಮೇಲಿನ ಜೋಡಿಯಿಂದ ಪಿನ್‌ಗೆ ತಲುಪುವುದು 3.57 ವೋಲ್ಟ್. ಮೇಜಿನ ಮೇಲೆ ಚೆನ್ನಾಗಿ ನಡೆದ ಸರ್ಕ್ಯೂಟ್ ಕಾರಿನಲ್ಲಿ ಮಿತಿ ದಾಟುವುದು ಹೀಗೆ.

ಹಾಗಾದರೆ ಕೆಳಗಿನ ರೆಸಿಸ್ಟರನ್ನು 2.7 ಕಿಲೊಓಮ್‌ಗೆ ಇಳಿಸಿದರಾಯಿತಲ್ಲವೇ? 14.4 ವೋಲ್ಟ್‌ಗೆ 3.06 ಬರುತ್ತದೆ, ಪಿನ್ ಸುರಕ್ಷಿತ. ಈಗ ತೊಂದರೆ ಇನ್ನೊಂದು ತುದಿಯಲ್ಲಿ. ಸ್ಟಾರ್ಟರ್ ಮೋಟಾರ್ ತಿರುಗುವ ಕ್ಷಣದಲ್ಲಿ ಬ್ಯಾಟರಿಯ ವೋಲ್ಟೇಜ್ 9ಕ್ಕೋ ಅದಕ್ಕೂ ಕೆಳಕ್ಕೋ ಕುಸಿಯಬಹುದು. 9 ವೋಲ್ಟ್‌ನಲ್ಲಿ ಪಿನ್‌ಗೆ ದೊರೆಯುವುದು 1.91 ಮಾತ್ರ. ಇಎಸ್‌ಪಿ32 ಒಂದು ಸಂಕೇತವನ್ನು ನಿಶ್ಚಿತವಾಗಿ '1' ಎಂದು ಓದಬೇಕಾದರೆ ಪೂರೈಕೆಯ ಶೇ 75ರಷ್ಟು, ಅಂದರೆ ಸುಮಾರು 2.48 ವೋಲ್ಟ್ ಬೇಕು. ಅದಕ್ಕಿಂತ ಕಡಿಮೆಯಾದರೆ ಒಂದೋ ಸೊನ್ನೆಯೋ ಎಂಬ ಖಾತರಿಯಿಲ್ಲ. ಎಂಜಿನ್ ಚಾಲೂ ಆಗುವ ಹೊತ್ತಿಗೇ ಉಪಕರಣ 'ಕೀಲಿ ಆಫ್' ಎಂದು ಬರೆದುಕೊಂಡೀತು!

ರೆಸಿಸ್ಟರ್ ಜೋಡಿ ವೋಲ್ಟೇಜನ್ನು ಭಾಗಿಸುತ್ತದೆಯೇ ಹೊರತು ಮಿತಿಯಲ್ಲಿಡುವುದಿಲ್ಲ. 5 ವೋಲ್ಟ್‌ನ ಸ್ಥಿರ ಸಂಕೇತಕ್ಕೆ 1 ಮತ್ತು 2 ಕಿಲೊಓಮ್ ಜೋಡಿ ಧಾರಾಳ ಸಾಕು. ವಾಹನಕ್ಕೆ ಪಿಸಿ817ರಂತಹ ಆಪ್ಟೊಕಪ್ಲರ್ ಮೇಲು. ಇದು ಹೆಚ್ಚು ಬೆಲೆಯ ವಸ್ತುವೇನಲ್ಲ. ಇದರೊಳಗೆ ಒಂದು ಪುಟ್ಟ ಎಲ್‌ಇಡಿ, ಅದರೆದುರು ಬೆಳಕಿಗೆ ಸ್ಪಂದಿಸುವ ಟ್ರಾನ್ಸಿಸ್ಟರ್ ಇರುತ್ತವೆ. ಕೀಲಿಯ ತಂತಿಯಿಂದ 2.2 ಕಿಲೊಓಮ್ ಮೂಲಕ ಎಲ್‌ಇಡಿ ಬೆಳಗಿಸಿದರೆ 9 ವೋಲ್ಟ್‌ನಲ್ಲಿ ಸುಮಾರು 3.5 ಮಿಲಿಆಂಪಿಯರ್, 15ರಲ್ಲಿ ಸುಮಾರು 6.3 ಮಿಲಿಆಂಪಿಯರ್ ಹರಿಯುತ್ತದೆ. ಎರಡರಲ್ಲೂ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಳ್ಳುತ್ತದೆ. ಪಿನ್ ಕಾಣುವುದು ಚಿಪ್‌ನದೇ 3.3 ವೋಲ್ಟನ್ನು, 10 ಕಿಲೊಓಮ್ ಪುಲ್‌ಅಪ್ ರೆಸಿಸ್ಟರ್ ಮೂಲಕ. ತಂತಿಯಲ್ಲಿ ಎಷ್ಟೇ ಏರಿಳಿತವಿದ್ದರೂ ಅದು ಪಿನ್‌ವರೆಗೆ ಬರುವುದಿಲ್ಲ.

ಎಲ್‌ಇಡಿಗೆ ಅಡ್ಡಲಾಗಿ, ವಿರುದ್ಧ ದಿಕ್ಕಿನಲ್ಲಿ 1ಎನ್4148 ಡಯೋಡ್ ಒಂದನ್ನು ಹಾಕುವುದನ್ನು ಮರೆಯಬಾರದು. ಈ ಎಲ್‌ಇಡಿ ಹಿಮ್ಮುಖವಾಗಿ ತಡೆಯುವುದು 6 ವೋಲ್ಟ್ ಮಾತ್ರ, ವಾಹನದ ತಂತಿಗಳಲ್ಲೋ ಹಿಮ್ಮುಖ ಮಿಡಿತಗಳು ಅಪರೂಪವಲ್ಲ. ಇನ್ನೊಂದು ಸಂಗತಿ: ಈ ಜೋಡಣೆಯಲ್ಲಿ ಅರ್ಥ ತಿರುವುಮುರುವಾಗುತ್ತದೆ. ಕೀಲಿ ಆನ್ ಆದಾಗ ಪಿನ್ '0' ಎಂದು ಓದುತ್ತದೆ. ಪ್ರೋಗ್ರಾಂ ಬರೆಯುವವರು ಅದನ್ನು ತಿರುಗಿಸಿಕೊಳ್ಳಬೇಕು.