ಬೊರಿವಲಿಯ ಕಲ್ಲಿನಲ್ಲೊಂದು ಚರಮಗೀತೆ

ಬೊರಿವಲಿಯಲ್ಲಿ ಯುದ್ಧದ ಹಡಗುಗಳಿವೆ! ಹುಟ್ಟು ಹಾಕುವವರು, ಬಿಲ್ಲೆತ್ತಿದವರು, ಏಟು ತಿಂದು ನೀರಿಗೆ ಉರುಳುವವರು, ಎಲ್ಲರೂ ಅಲ್ಲಿದ್ದಾರೆ, ಕಲ್ಲಿನಲ್ಲಿ. ಮೆಟ್ರೊ 2ಎ ಮಾರ್ಗದಲ್ಲಿ ದಹಿಸರ್ ಕಡೆಗೆ ಹೊರಟರೆ ಬೊರಿವಲಿ ಪಶ್ಚಿಮ ದಾಟಿದೊಡನೆ ಸಿಗುವ ನಿಲ್ದಾಣದ ಹೆಸರು ಏಕ್ಸರ್. ಆ ಹಳೆಯ ಹಳ್ಳಿಯನ್ನು ಈಗ ಕಟ್ಟಡಗಳು ಸುತ್ತುವರಿದಿವೆ. ಅವುಗಳ ನಡುವೆಯೇ ಆರು ವೀರಗಲ್ಲುಗಳಿವೆ. ಹೌದು, ಶಿಕಾರಿಪುರ, ಸೊರಬ, ಹಾನಗಲ್ಲಿನ ಕಡೆ ಊರೂರಲ್ಲೂ ಕಾಣುವಂಥ ನಮ್ಮ ವೀರಗಲ್ಲುಗಳೇ! ಮುಂಬೈ ಕನ್ನಡಿಗನಿಗೆ ಇದಕ್ಕಿಂತ ದೊಡ್ಡ ಬೆರಗು ಇನ್ನೇನು ಬೇಕು?

ಬೇಕು, ಇನ್ನೂ ಇದೆ. ಈ ಕಲ್ಲುಗಳನ್ನು ಅಮೆರಿಕದ ಕವಿ ವಾಲ್ಟ್ ವಿಟ್ಮನ್ನನ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಕವಿತೆಯ ಜೊತೆಗಿಟ್ಟು ನೋಡಿ. ಮೈ ಜುಮ್ಮೆನ್ನುತ್ತದೆ!

1865ರ ಏಪ್ರಿಲ್ 14ರ ರಾತ್ರಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್‌ಗೆ ಗುಂಡೇಟು ಬಿತ್ತು. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಅಲ್ಲಿನ ಅಂತರ್ಯುದ್ಧದಲ್ಲಿ ಎದುರು ಪಕ್ಷದ ಸೇನಾಪತಿಯಾಗಿದ್ದ ಲೀ ಶರಣಾಗಿ ಆಗಿನ್ನೂ ವಾರ ತುಂಬಿರಲಿಲ್ಲ. ಗೆಲುವಿನ ಸಡಗರ ಮುಗಿಯುವ ಮೊದಲೇ ಸೂತಕ! ಆ ಸಂಕಟವನ್ನು ವಿಟ್ಮನ್ ಒಂದು ಹಡಗಿಗೆ ಏರಿಸಿದ. ದೇಶವೇ ಹಡಗು, ಅಂತರ್ಯುದ್ಧವೇ ಬಿರುಗಾಳಿಯ ಪಯಣ, ಲಿಂಕನ್ನರೇ ನಾವಿಕರ ನಾಯಕ. ಹಡಗು ಸುಖವಾಗಿ ದಡ ಮುಟ್ಟುತ್ತದೆ. ಮುಟ್ಟಿಸಿದವನು ಹಡಗಿನ ಹಲಗೆಯ ಮೇಲೆ ಹೆಣವಾಗಿ ಬಿದ್ದಿದ್ದಾನೆ. ಇಡೀ ಕವಿತೆಯಲ್ಲಿ ಹುಡುಕಿ, ಲಿಂಕನ್ ಎಂಬ ಹೆಸರು ಒಂದು ಕಡೆಯೂ ಇಲ್ಲ! ಉಪಮಾನವು ಉಪಮೇಯವನ್ನು ಪೂರ್ತಿ ನುಂಗಿಕೊಂಡಿದೆ. ನಮ್ಮ ಅಲಂಕಾರ ಶಾಸ್ತ್ರ ಇದನ್ನು ರೂಪಕಾತಿಶಯೋಕ್ತಿ ಎನ್ನುತ್ತದೆ.

ಈಗ ಏಕ್ಸರ್‌ಗೆ ಬನ್ನಿ. 1882ರ ಠಾಣೆ ಗೆಜೆಟಿಯರ್ ಈ ಕಲ್ಲುಗಳನ್ನು ಒಂದೊಂದಾಗಿ ವರ್ಣಿಸಿದೆ. ದೊಡ್ಡವು ಸುಮಾರು 10 ಅಡಿ ಎತ್ತರ, 3 ಅಡಿ ಅಗಲ. ಕೆಲವುಗಳಲ್ಲಿ ನೆಲದ ಕಾಳಗ, ಕೆಲವುಗಳಲ್ಲಿ ಕಡಲ ಕಾಳಗ. ಒಂದರ ಕೆಳಗಿನ ಪಟ್ಟಿಕೆಯಲ್ಲಿ ಮೂತಿ ಎತ್ತಿದ ಐದು ಹಡಗುಗಳು ಸಾಲಾಗಿ ಮುನ್ನುಗ್ಗುತ್ತಿವೆ. ಹಾಯಿಕಂಬಗಳು ನೆಟ್ಟಗೆ ನಿಂತಿವೆ, ಹಡಗಿನ ಬದಿಗೆ ಒಂಬತ್ತೊಂಬತ್ತು ಹುಟ್ಟುಗಳು. ಅದರ ಮೇಲಿನ ಪಟ್ಟಿಕೆಯಲ್ಲಿ ಕೈ ಕೈ ಮಿಲಾಯಿಸುವ ಹೋರಾಟ, ಆಳುಗಳು ನೀರುಪಾಲು. ಇನ್ನೂ ಮೇಲೆ ಗಂಧರ್ವರ ಸಂದಣಿ, ಲಿಂಗಪೂಜೆ, ಕೈಲಾಸ. ತುತ್ತತುದಿಯಲ್ಲಿ ಕಳಶ. ಮತ್ತೆ ಅದೇ ಬೆರಗು: ಯಾರಿಗಾಗಿ ಇಷ್ಟೆಲ್ಲ ಕೆತ್ತಿದರೋ ಆ ವೀರನ ಹೆಸರನ್ನು ಹೇಳಬಲ್ಲ ಬರಹ ಈ ಕಲ್ಲುಗಳಲ್ಲಿ ಉಳಿದಿಲ್ಲ. ಅಲ್ಲಿ ಕವಿಯ ಜಾಣ್ಮೆ ಹೆಸರನ್ನು ಮರೆಸಿತು, ಇಲ್ಲಿ ಕಾಲ ಅಳಿಸಿತು. ಎರಡು ಕಡೆಯೂ ಹಡಗು ಉಳಿಯಿತು!

ಕಾಳಗ ಯಾವುದು? ವಿದ್ವಾಂಸರಲ್ಲಿ ಒಮ್ಮತವಿಲ್ಲ. 11ನೆಯ ಶತಮಾನದ ಯುದ್ಧ ಎಂದವರಿದ್ದಾರೆ. ಹಲವರು ಒಪ್ಪುವ ಇನ್ನೊಂದು ಊಹೆ ರೋಮಾಂಚಕಾರಿಯಾದದ್ದು. ಉತ್ತರ ಕೊಂಕಣದ ಶಿಲಾಹಾರರ ಕೊನೆಯ ದೊರೆ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ಸುಮಾರು 1265ರಲ್ಲಿ ನಡೆದ ಯುದ್ಧ ಇದು ಎಂಬ ಊಹೆ. ನೆಲದಲ್ಲಿ ಸೋತ ಸೋಮೇಶ್ವರ ಹಡಗೇರಿದ, ಕಡಲಲ್ಲೇ ಮುಳುಗಿಹೋದ. 1265, 1865! ನಡುವೆ ಸರಿಸುಮಾರು 600 ವರ್ಷ!

ಆ ಸಾವಿನ ಬಗ್ಗೆ ಗೆದ್ದವರ ಕಡೆಯ ಕಾವ್ಯವೂ ಇದೆ. ಮಹಾದೇವನ ಮಂತ್ರಿ ಹೇಮಾದ್ರಿಯ ಗ್ರಂಥದಲ್ಲಿರುವ ರಾಜಪ್ರಶಸ್ತಿ ಒಂದು ಚಮತ್ಕಾರ ಮಾಡುತ್ತದೆ. ಮಹಾದೇವನ ಕೋಪದ ಬೆಂಕಿಗಿಂತ ಕಡಲೊಳಗಿನ ಬಡಬಾಗ್ನಿಯೇ ವಾಸಿ ಎಂದುಕೊಂಡು ಸೋಮೇಶ್ವರ ನೀರಿಗಿಳಿದ ಎಂಬಂತೆ ಅದು ವರ್ಣಿಸುತ್ತದೆ. ಇಲ್ಲದ ಕಾರಣವನ್ನು ಕಲ್ಪಿಸಿ ಹೇಳುವ ಹೇತೂತ್ಪ್ರೇಕ್ಷೆ! ಅಲಂಕಾರ ಅದ್ಭುತವಾಗಿದೆ, ಆದರೆ ಅದರಲ್ಲಿ ಸತ್ತವನಿಗಾಗಿ ಒಂದು ಹನಿ ಕಣ್ಣೀರಿಲ್ಲ. ಹೊಗಳಿಕೆಯೆಲ್ಲ ಗೆದ್ದವನಿಗೆ. ಏಕ್ಸರ್‌ನ ಶಿಲ್ಪಿ ಮಾತ್ರ ಮಡಿದವನ ಜೊತೆಗೇ ಕೈಲಾಸದವರೆಗೆ ನಡೆದ. ಪ್ರಶಸ್ತಿಗೂ ಚರಮಗೀತೆಗೂ ಇರುವ ವ್ಯತ್ಯಾಸ ಇದಕ್ಕಿಂತ ನಿಚ್ಚಳವಾಗಿ ಎಲ್ಲಿ ಕಾಣಸಿಗುತ್ತದೆ?

ಚರಮಗೀತೆಯ ಎದೆಬಡಿತ ಇರುವುದು ಸಂಬೋಧನೆಯಲ್ಲಿ. ಸತ್ತವನನ್ನು ಬದುಕಿದ್ದಾನೆಂಬಂತೆ ಕರೆಯುವುದು, ಏಳು ಎನ್ನುವುದು, ಉತ್ತರಕ್ಕೆ ಕಾಯುವುದು. ಹತ್ತನೆಯ ಶತಮಾನದಲ್ಲೇ ರನ್ನನ ದುರ್ಯೋಧನ ಕುರುಕ್ಷೇತ್ರದ ಹೆಣಗಳ ನಡುವೆ ನಿಂತು ಕರ್ಣನನ್ನು ಹಾಗೆ ಮಾತಾಡಿಸಿದ್ದಾನೆ. ‘ಗದಾಯುದ್ಧ’ ಓದಿದವರಿಗೆ ಆ ಅಳಲು ಮರೆಯುವಂಥದ್ದಲ್ಲ. ವಿಟ್ಮನ್ನನೂ ಕರೆಯುತ್ತಾನೆ. ಎರಡನೆಯ ಪದ್ಯಕ್ಕೆ ಬರುವಾಗ ನಾಯಕ ಅಪ್ಪನೂ ಆಗುತ್ತಾನೆ! ಮೂರನೆಯ ಪದ್ಯದಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ: ಅಲ್ಲಿಯವರೆಗೆ ‘ನೀನು’ ಆಗಿದ್ದವನು ಈಗ ‘ಅವನು’. ಸಾವನ್ನು ಒಪ್ಪಿಕೊಳ್ಳಬೇಕಾಗಿ ಬಂದ ಗಳಿಗೆ ಅದು. ಬರೀ ಸರ್ವನಾಮ ಬದಲಿಸಿ ಕವಿ ಎದೆ ಒಡೆದುಬಿಟ್ಟ!

ಇನ್ನೊಂದು ಸೂಕ್ಷ್ಮ, ಪಲ್ಲವಿಯದು. ಮೂರು ಪದ್ಯಗಳೂ ಒಂದೇ ಮಾತಿನಲ್ಲಿ ಕೊನೆಯಾಗುತ್ತವೆ. ನಾಲ್ಕು ಉದ್ದ ಸಾಲು, ಆಮೇಲೆ ನಾಲ್ಕು ಗಿಡ್ಡ ಸಾಲು. ಮೊದಲೆರಡು ಪದ್ಯಗಳ ಉದ್ದ ಸಾಲುಗಳಲ್ಲಿ ಊರ ಗಂಟೆಗಳು, ಕಹಳೆ, ದಡದ ಜನಜಾತ್ರೆ. ಗಿಡ್ಡ ಸಾಲುಗಳಲ್ಲಿ ರಕ್ತ, ಮೌನ. ಆ ಎರಡೂ ಪದ್ಯಗಳು ಸಡಗರದಿಂದ ಸಾವಿಗೆ ಇಳಿಯುತ್ತವೆ. ವೀರಗಲ್ಲು ಇದರ ತಿರುವುಮುರುವು! ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾವು ಕೆಳಗಿದೆ, ಮೇಲೆ ಹೋದಂತೆ ಬೆಳಕು. ಇಳಿಯುವ ಕವಿತೆ, ಏರುವ ಕಲ್ಲು. ಆದರೂ ಇಬ್ಬರ ಕೈಗೂ ಒಂದೇ ವಸ್ತು ಸಿಕ್ಕಿದೆ ನೋಡಿ. ವಿಟ್ಮನ್ನನ ದಡದಲ್ಲಿ ಹೂಗುಚ್ಛ, ರಿಬ್ಬನ್ ಕಟ್ಟಿದ ಹೂಮಾಲೆ ಹಿಡಿದು ಕಾಯುವ ಜನ. ಏಕ್ಸರ್‌ನ ಕಳಶದ ಕೆಳಗೆ ಮಾಲೆ ಹಿಡಿದು ತೇಲಿ ಬರುವ ದೇವಗಣ, ಕಳಶದಿಂದ ಇಳಿಬಿದ್ದ ರಿಬ್ಬನ್ನಿನಂಥ ಪಟ್ಟಿ! ಒಬ್ಬರ ಮುಖ ಒಬ್ಬರು ಕಾಣದ, ಒಬ್ಬರ ಊರು ಒಬ್ಬರಿಗೆ ಗೊತ್ತಿರದ ಇಬ್ಬರು ಕಲಾವಿದರು!

ಈ ಕಲ್ಲುಗಳನ್ನು ಓದುವ ಕೀಲಿಕೈ ಕನ್ನಡಿಗರಲ್ಲಿದೆ ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಶಿಲಾಹಾರರು ಮೊದಲು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಮಲಗಳಗಂಡ, ನನ್ನಿಸಮುದ್ರ ಎಂಬ ಕನ್ನಡದ ಬಿರುದುಗಳನ್ನು ಹೊತ್ತವರು. ಬೊರಿವಲಿ ಪೂರ್ವದ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಿಲಾಹಾರ ಶಾಸನಗಳಿವೆ. ಅವು ತಮ್ಮ ಚಕ್ರವರ್ತಿಯೆಂದು ಹೆಸರಿಸುವುದು ಯಾರನ್ನು? ಅಮೋಘವರ್ಷನನ್ನು! ರೂಪಕ, ಉತ್ಪ್ರೇಕ್ಷೆಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಅದೇ ಅಮೋಘವರ್ಷನ ಆಸ್ಥಾನದಲ್ಲಿ. ಕಾವ್ಯದ ಅಲಂಕಾರಗಳನ್ನು ನಮಗೆ ಕಲಿಸಿದ ಕಾಲದ ದೊರೆಯ ಹೆಸರು ಬೊರಿವಲಿಯ ಬೆಟ್ಟದಲ್ಲಿದೆ. ಆ ಅಲಂಕಾರಗಳೇ ಮೈವೆತ್ತಂತಿರುವ ಶೋಕಶಿಲ್ಪ ಬೊರಿವಲಿಯ ಇನ್ನೊಂದು ಮಗ್ಗುಲಲ್ಲಿದೆ!

ಮುಂಬೈಯ ಕನ್ನಡ ಬಂಧುಗಳೇ, ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಏಕ್ಸರ್‌ಗೆ ಹೋಗಿ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಹೇಗೆಂದು ತೋರಿಸಿ, ಹುಟ್ಟುಗಳನ್ನು ಎಣಿಸಲು ಹೇಳಿ. ನಮ್ಮ ಕನ್ನಡ ಸಂಘಗಳು ಪಕ್ಕದಲ್ಲೊಂದು ಮಾಹಿತಿ ಫಲಕ ಹಾಕಿಸಲು, ಬಿಸಿಲು ಮಳೆಯಿಂದ ಕಾಪಾಡುವ ಒಂದು ಸೂರು ಕಟ್ಟಿಸಲು ಸರಕಾರದ ಮುಂದೆ ಒತ್ತಾಯಿಸಬೇಕು. ಹೆಸರು ಈಗಾಗಲೇ ಅಳಿದಿದೆ. ಹಡಗುಗಳು ಅಳಿಯಲು ನಾವು ಬಿಡಬಾರದು.